ದಿವಂಗತ ಡಾಕ್ಟರ್ ಡೆನಿಸ್ ಬರ್ಕಿಟ್

ನಮ್ಮ ಶಾಲೆಯ ಕೆಳತರಗತಿಯಲ್ಲಿ ಓದುವ ಬಾಲಕಿಯೊಬ್ಬಳು ತನ್ನ ತಾಯಿಯ ಯಕೃತ್ತಿನ ಒಂದು ಭಾಗವನ್ನು ಶಸ್ತ್ರಕ್ರಿಯೆಯಿಂದ ಪಡೆದು ಬದುಕಿದವಳು. ಆಗಾಗ ಆಕೆಯ ರಕ್ತವನ್ನು ತೆಗೆದು ಪರೀಕ್ಷಿಸುವುದುಂಟು. ಗುಣವಾದವಳಿಗೆ ಮತ್ತೆ ಮತ್ತೆ ಸೂಜಿ ಏಕೆಂದು ಸಹಪಾಠಿನಿಯರು ನಮ್ಮನ್ನು ಕೇಳಿದರು. ಇದಕ್ಕೆ ಉತ್ತರ ಹೇಳಹೊರಟರೆ ಡಾಕ್ಟರ್ ಬರ್ಕಿಟ್ಟರ ಜೀವಿತವನ್ನೇ ಹೇಳಬೇಕಾಗುತ್ತದೆ.

ಇವರು 1911ನೆಯ ಇಸವಿ ಫೆಬ್ರವರಿ 28ರಂದು ಐರ್ಲೆಂಡಿನಲ್ಲಿ ಜನಿಸಿದರು. ಇಂಜಿನಿಯರರಾಗಿದ್ದ ತಂದೆಯು ಬಿಡುವಿನಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ, ಯಾವ ಹಕ್ಕಿಯ ಗಡಿ ಎಲ್ಲಿಯವರೆಗೆಂದು ನಕ್ಷೆ ಬರೆಯುತ್ತಿದ್ದರು. ಆ ಅಭ್ಯಾಸವು ಮಗನಿಗೂ ಇಳಿದುಬಂದಿತೆಂದು ನಾವು ಎಣಿಸುತ್ತೇವೆ. ಬಾಲ್ಯದಲ್ಲಿಯೇ ಕಲ್ಲೇಟಿನಿಂದ ಒಂದು ಕಣ್ಣು ಹೋಯಿತು. ಡಬ್ಲಿನ್ ಪಟ್ಟಣದ ಟ್ರಿನಿಟಿ ಕಾಲೇಜಿನಲ್ಲಿ ಕಲಿತು ಶಸ್ತ್ರವೈದ್ಯರಾದರೂ, ಒಕ್ಕಣ್ಣನೆಂಬ ಕಾರಣದಿಂದ ಸರಕಾರವು ಮೊದಲು ಅವರನ್ನು ಆಫ್ರಿಕಕ್ಕೆ ಕಳುಹಿಸಲೊಪ್ಪಲಿಲ್ಲ. ದೇವಭಕ್ತರಾದ ಅವರು ಧೈರ್ಯಗೆಡದೆ, ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಬಳಿಕ 1946ರಲ್ಲಿ ಯುಗಾಂಡ ಸೀಮೆಯನ್ನು ಸೇರಿದರು.

1957ರಲ್ಲಿ ಕಂಪಾಲದ ಮುಲಾಗೊ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ಹುಡುಗನನ್ನು ಅವರಿಗೆ ತೋರಿಸಿದರು. ದವಡೆಯ ನಾಲ್ಕು ಮೂಲೆಗಳಲ್ಲಿಯೂ ಗಡ್ಡೆ! ಕಾರಣವು ತಿಳಿಯಲಿಲ್ಲ. ಕೆಲವು ವಾರಗಳು ಕಳೆದು ಜಿಂಜ ಎಂಬ ಊರಿನ ಆಸ್ಪತ್ರೆಯಲ್ಲಿದ್ದಾಗ, ಕಿಟಕಿಯಾಚೆ ಹುಲ್ಲಿನ ಮೇಲೆ ತಾಯಿಯೊಡನೆ ಕುಳಿತಿದ್ದ ಮಗುವಿನ ಮುಖವೂ ಅಂಥದೇ ಎಂಬುದನ್ನು ಕಂಡರು. ಒಂದನ್ನು ವಿಚಿತ್ರವೆಂದು ಬಿಡಬಹುದು, ಎರಡನ್ನು ಬಿಡಲಾಗದು. ಕೂಡಲೇ ಹಳೆಯ ದಾಖಲೆಗಳನ್ನು ಶೋಧಿಸಿ 1958ರಲ್ಲಿ ಈ ಅರ್ಬುದರೋಗವನ್ನು ಕುರಿತು ಬರೆದರು. 1961ರಲ್ಲಿ ಇಬ್ಬರು ಮಿತ್ರರೊಡನೆ ಹಳೆಯ ಮೋಟಾರು ಬಂಡಿಯಲ್ಲಿ 10,000 ಮೈಲುಗಳಷ್ಟು ಸಂಚರಿಸಿ, ಅಲ್ಲಲ್ಲಿಯ ಆಸ್ಪತ್ರೆಗಳಲ್ಲಿ ವಿಚಾರಿಸಿ ನಕ್ಷೆ ಬರೆದರು. ಸೆಕೆಯೂ ಮಳೆಯೂ ಇರುವಲ್ಲಿ ರೋಗವುಂಟು, ಎತ್ತರದ ತಂಪು ನಾಡಿನಲ್ಲಿಲ್ಲ. ಸೊಳ್ಳೆಗಳು ಸಾಗಿಸುವ ವೈರಸ್ ಇದ್ದೀತೆಂದು ಊಹಿಸಲಾಯಿತು.

ಅದೇ ವರ್ಷ ಲಂಡನ್ನಿನಲ್ಲಿ ಅವರ ಉಪನ್ಯಾಸವನ್ನು ಕೇಳಿದ ಆಂಥನಿ ಎಪ್‌ಸ್ಟೀನರು ಗಡ್ಡೆಯ ತುಣುಕುಗಳನ್ನು ವಿಮಾನದಲ್ಲಿ ತರಿಸತೊಡಗಿದರು. ಎರಡು ವರ್ಷ ಏನೂ ದೊರೆಯಲಿಲ್ಲ. ಒಮ್ಮೆ ಮಂಜು ಮುಸುಕಿ ವಿಮಾನವು ಬೇರೆ ಊರಿಗೆ ತಿರುಗಿದ್ದರಿಂದ ತುಣುಕು ತಡವಾಗಿ ಬಂದಿತು, ದ್ರವವು ಕದಡಿಹೋಗಿತ್ತು. ಕೆಟ್ಟಿತೆಂದು ಚೆಲ್ಲದೆ ನೋಡಿದಾಗ ಜೀವಕಣಗಳು ಬಿಡಿಬಿಡಿಯಾಗಿ ತೇಲುತ್ತಿದ್ದವು! ಅವುಗಳನ್ನು ಬೆಳೆಯಿಸಿ ಎಪ್‌ಸ್ಟೀನ್, ಬರ್ಟ್ ಅಚಾಂಗ್, ಇವಾನ್ ಬಾರ್ ಎಂಬ ಮಹಿಳೆ, ಈ ಮೂವರು 1964ರಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ಸನ್ನು ಪ್ರಕಟಿಸಿದರು. ಊಹೆಯಲ್ಲಿ ಅರ್ಧವು ಮಾತ್ರ ನಿಜವಾಯಿತು. ವೈರಸ್ ಹರಡುವುದು ಎಂಜಲಿನಿಂದ. ನಕ್ಷೆಯಲ್ಲಿ ಕಂಡದ್ದು ಅಲ್ಲಿಯ ಮಕ್ಕಳನ್ನು ಎಡೆಬಿಡದೆ ಕಾಡಿ ಈ ರೋಗಕ್ಕೆ ದಾರಿಮಾಡುವ ಮಲೇರಿಯ. ಮಂಗಳೂರಿನವರಾದ ನಮಗೆ ಆ ಜ್ವರದ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ.

ಇನ್ನು ಬಾಲಕಿಯರ ಪ್ರಶ್ನೆಗೆ ಬರೋಣ. ಈ ವೈರಸ್ ಹೆಚ್ಚುಕಡಿಮೆ ಎಲ್ಲ ದೊಡ್ಡವರ ರಕ್ತದ ಬಿಳಿಯ ಕಣಗಳಲ್ಲಿ ಸುಮ್ಮನೆ ಅಡಗಿರುತ್ತದೆ. ದೇಹದ ರಕ್ಷಣಾಬಲವು ಅದನ್ನು ಅದುಮಿಡುತ್ತದೆ. ಆದರೆ ಪರರ ಅಂಗವನ್ನು ದೇಹವು ತಿರಸ್ಕರಿಸದಂತೆ ಆ ಬಲವನ್ನೇ ಔಷಧದಿಂದ ಕುಗ್ಗಿಸಬೇಕು. ಈ ವೈರಸ್ಸನ್ನು ಎಂದೂ ಕಾಣದ ಮಗುವಿಗೆ ದೊಡ್ಡವರ ಅಂಗದೊಡನೆ ಅದೂ ಬಂದರೆ, ಬಿಳಿಯ ಕಣಗಳು ಮಿತಿಮೀರಿ ಬೆಳೆದು ಗಡ್ಡೆಗಳಾಗಬಹುದು. ಆದುದರಿಂದ ರಕ್ತದಲ್ಲಿ ವೈರಸ್ಸಿನ ಅಂಶವೆಷ್ಟೆಂದು ಆಗಾಗ ಎಣಿಸುತ್ತಾರೆ. ಒಂದು ಸಲದ ಲೆಕ್ಕಕ್ಕಿಂತ ಅದು ಏರುತ್ತಿದೆಯೋ ಎಂಬುದೇ ಮುಖ್ಯ. ಏರಿದ ಮಾತ್ರಕ್ಕೆ ರೋಗವೆಂದಲ್ಲ. ಗಡ್ಡೆ ಕಂಡರೆ ತುಣುಕು ತೆಗೆದು ನೋಡಿಯೇ ನಿರ್ಣಯಿಸುತ್ತಾರೆ. ಏರಿದರೆ ಔಷಧವನ್ನು ಇಳಿಸಬೇಕು; ಅತಿಯಾಗಿ ಇಳಿಸಿದರೆ ತಾಯಿ ಕೊಟ್ಟ ಅಂಗವೇ ಕೆಟ್ಟೀತು. ವೈದ್ಯರು ನಡೆಯುವ ದಾರಿ ಅಷ್ಟು ಇಕ್ಕಟ್ಟಾದುದು.

ಬರ್ಕಿಟ್ಟರು 1966ರಲ್ಲಿ ಇಂಗ್ಲೆಂಡಿಗೆ ಮರಳಿ, ಆಹಾರದಲ್ಲಿ ನಾರಿನಂಶ ಬೇಕೆಂದು ಸಾರುತ್ತಾ ಲೋಕವನ್ನು ಸುತ್ತಿ, 1993ನೆಯ ಇಸವಿ ಮಾರ್ಚ್ 23ರಂದು ತೀರಿಕೊಂಡರು. ನಮ್ಮ ಬಾಲಕಿಯು ಬರುವ ಸೋಮವಾರ ಪುನಃ ರಕ್ತಪರೀಕ್ಷೆಗೆ ಹೋಗತಕ್ಕವಳು. ಆ ದಿನದ ಪಾಠಗಳನ್ನು ಆಕೆಗಾಗಿ ಬರೆದಿಡಲು ಸಹಪಾಠಿನಿಯರು ಸರದಿ ಗೊತ್ತುಮಾಡಿಕೊಂಡಿದ್ದಾರೆ.