ಪಂಡಿತಾ ರಮಾಬಾಯಿಯವರು

ಹಸಿದವರಿಗೆ ಅನ್ನವಿಕ್ಕುವದು ಪುಣ್ಯವೆಂಬದನ್ನು ನಮ್ಮ ನಾಡಿನಲ್ಲಿ ಅರಿಯದವರಿಲ್ಲ. ಆದರೆ ಆ ಅನ್ನವನ್ನು ಯಾವ ಮೋರೆಯಿಂದ ಇಕ್ಕಬೇಕೆಂಬದನ್ನು ಬಲ್ಲವರು ವಿರಳ. ಬಾಗಿಲಿಗೆ ಬಂದವರ ನಾಚಿಕೆಯನ್ನರಿತು, ಅವರು ಬಾಯಿ ತೆರೆಯುವದಕ್ಕೆ ಮೊದಲೇ ಅವರ ಕೊರತೆಯನ್ನು ತಿಳಿದುಕೊಳ್ಳುವದು ಒಂದು ವಿದ್ಯೆಯೇ ಸರಿ. ಈ ವಿದ್ಯೆಯನ್ನು ಬಡತನದ ಶಾಲೆಯಲ್ಲಿ ಕಲಿತು, ಅನೇಕ ಅನಾಥೆಯರಿಗಾಗಿ ಅದನ್ನು ವ್ಯಯಿಸಿದ ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಇಡಲು ಬಯಸುತ್ತೇವೆ.

ರಮಾಬಾಯಿಯವರು ಹುಟ್ಟಿದ್ದು ನಮ್ಮ ಕರ್ನಾಟಕದಲ್ಲಿಯೇ. ಕಾರ್ಕಳದ ಹತ್ತಿರ ಮಾಳ ಎಂಬ ಊರಿನ ಮೇಲ್ಗಡೆ, ಸಹ್ಯಾದ್ರಿಯ ದಟ್ಟಡವಿಯೊಳಗಿನ ಗಂಗಾಮೂಲದಲ್ಲಿ, 1858ನೆಯ ಇಸವಿ ಎಪ್ರಿಲ್ 23ರಂದು ಇವರ ಜನನವಾಯಿತು. ತಂದೆ ಅನಂತಶಾಸ್ತ್ರಿ ಡೋಂಗರೆಯವರು ದೊಡ್ಡ ಸಂಸ್ಕೃತ ವಿದ್ವಾಂಸರು. ಸ್ತ್ರೀಯರಿಗೆ ಸಂಸ್ಕೃತ ಕಲಿಸುವದು ದೋಷವೆಂದು ಜನರು ತಿಳಿದಿದ್ದ ಆ ಕಾಲದಲ್ಲಿ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಅದನ್ನು ಕಲಿಸಿದರು. ಅದಕ್ಕಾಗಿ ಉಡುಪಿಯಲ್ಲಿ ಪಂಡಿತರ ಸಭೆಗೆ ಉತ್ತರ ಹೇಳಬೇಕಾಯಿತು. ಆ ತಾಯಿಯೇ ಮುಂದೆ ಮಗಳಿಗೆ ಗುರುವಾದಳು. ರಮೆಯು ಆರು ತಿಂಗಳ ಕೂಸಾಗಿದ್ದಾಗ ಕುಟುಂಬವು ಮನೆಯನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊತ್ತು ಘಟ್ಟವನ್ನಿಳಿದರು. ಆ ಮೇಲೆ ಪುರಾಣ ಓದುವದು, ಅದರಿಂದ ಬಂದ ದಾನದಿಂದ ಜೀವಿಸುವದು, ಮುಂದಿನ ಊರಿಗೆ ನಡೆಯುವದು, ಇದೇ ಅವರ ಸಂಸಾರವಾಯಿತು.

ಮದ್ರಾಸ ಇಲಾಖೆಯಲ್ಲಿ ಕ್ಷಾಮವು ತಲೆದೋರಿದಾಗ ಈ ಕುಟುಂಬದ ಕೈಯಲ್ಲಿದ್ದುದೆಲ್ಲ ಕರಗಿತು. ಅವರಿಗೆ ಶಾಸ್ತ್ರವು ಗೊತ್ತಿತ್ತು, ಕೈಕೆಲಸವು ಗೊತ್ತಿರಲಿಲ್ಲ. ಬೇಡುವದಕ್ಕೆ ಕುಲದ ಮತ್ತು ಪಾಂಡಿತ್ಯದ ಅಭಿಮಾನವು ಬಿಡಲಿಲ್ಲ. 1874ರಲ್ಲಿ ತಂದೆಯು ತೀರಿಕೊಂಡನು. ಕೆಲವು ಕಾಲದೊಳಗೆ ತಾಯಿಯೂ ಹಾಸಿಗೆ ಹಿಡಿದಳು. ಅಂತ್ಯಕಾಲದಲ್ಲಿ ಆಕೆಯು ಒಂದು ತುಂಡು ಸಜ್ಜೆಯ ರೊಟ್ಟಿಯನ್ನು ಬಯಸಿದಳು. ಹದಿನಾರರ ಹರೆಯದ ರಮೆಯು ನೆರೆಯ ಗೃಹಿಣಿಯೊಬ್ಬಳ ಬಾಗಿಲಿಗೆ ಹೋದಳು. ಸಭೆಗಳಲ್ಲಿ ಪುರಾಣವನ್ನು ನಿರರ್ಗಳವಾಗಿ ಹೇಳುತ್ತಿದ್ದ ಆ ನಾಲಿಗೆಯು ಅಂದು ಏಳಲಿಲ್ಲ, ಕಣ್ಣೀರೊಂದೇ ಹರಿಯಿತು. ಬಹು ಕಷ್ಟದಿಂದ ಕೇಳಿದ ಮೇಲೆ ಆ ಗೃಹಿಣಿಯು ಕರುಣೆಯಿಂದ ರೊಟ್ಟಿಯ ತುಂಡನ್ನು ಕೊಟ್ಟಳು. ಆದರೆ ಅದನ್ನು ತಿನ್ನುವ ಶಕ್ತಿಯು ತಾಯಿಗೆ ಉಳಿದಿರಲಿಲ್ಲ. ಶವವನ್ನು ಹೊರಲು ನಾಲ್ಕು ಜನ ಗಂಡಸರು ಸಿಕ್ಕದೆ, ನಾಲ್ಕನೆಯವಳಾಗಿ ರಮೆಯೇ ತನ್ನ ಭಾಗವನ್ನು ತಲೆಯ ಮೇಲೆ ಹೊತ್ತಳು. ಅಕ್ಕನೂ ಬೇಗನೆ ತೀರಿಕೊಂಡಳು. 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ ನಮ್ಮ ಧಾರವಾಡ, ಕಲಾದಗಿ ಜಿಲ್ಲೆಗಳೂ ಬೆಂದವು. ಇಂಥ ಬಾಗಿಲುಗಳ ಮುಂದೆ ಆಗ ನಮ್ಮ ಹಿರಿಯರಲ್ಲಿಯೂ ಎಷ್ಟೋ ಜನ ನಿಂತಿದ್ದಾರು.

ಉಳಿದ ಅಣ್ಣತಂಗಿಯರು ಉತ್ತರದ ಕಡೆಗೆ ನಡೆದರು. ಝೇಲಮ್ ನದಿಯ ದಂಡೆಯಲ್ಲಿ ಚಳಿಯನ್ನು ತಾಳಲಾರದೆ, ಉಸುಕಿನಲ್ಲಿ ಕುಣಿ ತೋಡಿ ಮೈಮೇಲೆ ಉಸುಕನ್ನೆಳೆದುಕೊಂಡು ರಾತ್ರಿಯನ್ನು ಕಳೆದರಂತೆ. 1878ರಲ್ಲಿ ಅವರು ಕಲಕತ್ತೆಯನ್ನು ಮುಟ್ಟಿದರು. ಅಲ್ಲಿಯ ವಿದ್ವಾಂಸರು ಈ ತರುಣಿಯ ಸಂಸ್ಕೃತ ಜ್ಞಾನಕ್ಕೆ ಬೆರಗಾಗಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿ ಎಂಬ ವಕೀಲರನ್ನು ಇವರು ವಿವಾಹವಾದರು; ಮನೋರಮೆಯೆಂಬ ಮಗಳು ಹುಟ್ಟಿದಳು. 1882ರಲ್ಲಿ ಪತಿಯು ವಾಂತಿಭೇದಿಯಿಂದ ಮೃತನಾದನು. ಇಪ್ಪತ್ನಾಲ್ಕು ವರ್ಷ ತುಂಬುವದರೊಳಗಾಗಿ ಈ ತಾಯಿಯು ಎಲ್ಲರನ್ನೂ ಕಳೆದುಕೊಂಡು ಕೂಸಿನೊಡನೆ ಒಬ್ಬಳೇ ಉಳಿದಳು.

ಪುಣೆಗೆ ಬಂದ ರಮಾಬಾಯಿಯವರು ಆರ್ಯಮಹಿಳಾ ಸಮಾಜವನ್ನು ಕಟ್ಟಿದರು. ಸರಕಾರವು ನೇಮಿಸಿದ್ದ ಹಂಟರ್ ವಿದ್ಯಾ ಆಯೋಗದ ಮುಂದೆ ಸಾಕ್ಷಿ ನುಡಿದು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಪ್ರತಿಪಾದಿಸಿದರು. ಪುರುಷ ವೈದ್ಯನ ಮುಂದೆ ರೋಗವನ್ನು ಹೇಳಲಾರದೆ ಸಾಯುವ ಸ್ತ್ರೀಯರ ಸಂಕಟವು ಅವರಿಗೆ ಗೊತ್ತಿತ್ತು. ಸ್ವತಃ ವೈದ್ಯವನ್ನು ಕಲಿಯಲೆಂದು 1883ರಲ್ಲಿ ಇಂಗ್ಲಂಡಕ್ಕೆ ಹೋದರು. ಆದರೆ ಕಿವಿ ಮಂದವಾದುದರಿಂದ ಆ ಆಶೆಯು ನೆರವೇರಲಿಲ್ಲ. ಅಲ್ಲಿ ವಾಂಟೇಜದ ಸಿಸ್ಟರರು ಲಂಡನ್ನಿನ ಫುಲ್‌ಹ್ಯಾಮಿನಲ್ಲಿ ನಡಿಸುತ್ತಿದ್ದ ಆಶ್ರಯಗೃಹವನ್ನು ಕಂಡರು. ಸಮಾಜವು ಹೊರದೂಡಿದ ಸ್ತ್ರೀಯರನ್ನು ಆ ಸಿಸ್ಟರರು ತಿರಸ್ಕರಿಸದೆ, ಮನೆಯ ಮಕ್ಕಳಂತೆ ಕಾಣುತ್ತಿದ್ದರು. ಈ ನೋಟವು ರಮಾಬಾಯಿಯವರ ಮನಸ್ಸಿನಲ್ಲಿ ಆಳವಾಗಿ ನಾಟಿತು. ಅದೇ ವರ್ಷ ಅವರು ದೀಕ್ಷಾಸ್ನಾನವನ್ನು ಹೊಂದಿದರು.

1886ರಲ್ಲಿ ಅಮೇರಿಕಕ್ಕೆ ಹೋಗಿ, ಹಿಂದೂ ವಿಧವೆಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನು ಬರೆದು ಸಹಾಯವನ್ನು ಸಂಪಾದಿಸಿದರು. 1889ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಮೊದಲ ವಿಧವಾ ವಿದ್ಯಾರ್ಥಿನಿಯಾದ ಗೋದೂಬಾಯಿಯು ಮುಂದೆ ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಪತ್ನಿಯಾಗಿ ಆನಂದೀಬಾಯಿಯೆಂದು ಹೆಸರಾದಳು. ಸದನದಲ್ಲಿ ಬಂದವರು ತಮ್ಮ ಕುಲಾಚಾರದಂತೆ ಅಡಿಗೆ ಮಾಡಿಕೊಂಡು ಉಣ್ಣುವ ಅನುಕೂಲತೆಯಿತ್ತು. ಆದರೂ ಹುಡುಗಿಯರು ಪ್ರಾರ್ಥನೆಗೆ ಬರುತ್ತಾರೆಂಬ ಕಾರಣದಿಂದ 1893ರಲ್ಲಿ ಊರಲ್ಲಿ ದೊಡ್ಡ ಗದ್ದಲವೆದ್ದಿತು. ರಾನಡೆ, ಭಾಂಡಾರಕರರಂಥ ಹಿತೈಷಿಗಳು ಸಲಹಾಮಂಡಳವನ್ನು ಬಿಟ್ಟರು. ಅನೇಕ ಪಾಲಕರು ಮಕ್ಕಳನ್ನು ಕರೆದೊಯ್ದರು. ಆ ಪಾಲಕರ ಭಯವನ್ನು ನಾವು ಹಗುರಾಗಿ ಎಣಿಸಲಾರೆವು. ಮಗಳನ್ನು ಪರರ ಕೈಯಲ್ಲಿ ಒಪ್ಪಿಸುವದು ಸಣ್ಣ ಮಾತಲ್ಲ. ರಮಾಬಾಯಿಯವರು ಮಾತ್ರ ಬಾಗಿಲನ್ನು ಮುಚ್ಚಲಿಲ್ಲ.

1896-97ರಲ್ಲಿ ಮಧ್ಯಪ್ರಾಂತಗಳಲ್ಲಿ ಬರವು ಬಿದ್ದಿತು. ತಾವು ಉಂಡ ಸಂಕಟದ ನೆನಪು ಅವರನ್ನು ಮನೆಯಲ್ಲಿ ಕೂಡ್ರಗೊಡಲಿಲ್ಲ. ತಾವೇ ಅಲ್ಲಿಗೆ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ಉಪದ್ರವವಿದ್ದುದರಿಂದ ಕೇಡಗಾಂವಿಯ ಬಯಲು ಹೊಲದಲ್ಲಿ ಅವರಿಗೆ ಇಂಬು ಮಾಡಿದರು. ಅದೇ ಮುಕ್ತಿಸದನವಾಯಿತು. 1900ರಲ್ಲಿ ಗುಜರಾಥದ ಬರದ ಕಾಲಕ್ಕೆ ಸಹಾಯಕಿಯರನ್ನು ಕಳುಹಿಸಿ ಮತ್ತೆ ನೂರಾರು ಜನರನ್ನು ತರಿಸಿದರು; ಒಟ್ಟು ಸಂಖ್ಯೆಯು ಎರಡು ಸಾವಿರದ ಸಮೀಪಕ್ಕೆ ಬಂತು. ಎಲುಬು ಚರ್ಮವಾಗಿ ಬಂದ ಆ ಮಕ್ಕಳನ್ನು ತೊಳೆದು, ಉಣಿಸಿ, ಓದಿಸಿದವರು ಯಾರು? ಶಾರದಾ ಸದನದಲ್ಲಿ ತಾವೇ ಆಶ್ರಯ ಪಡೆದಿದ್ದ ಹಳೆಯ ವಿದ್ಯಾರ್ಥಿನಿಯರೇ. ಪಡೆದವರೇ ಕೊಡುವವರಾಗಬೇಕೆಂಬದು ರಮಾಬಾಯಿಯವರ ಪದ್ಧತಿ.

ಅನ್ನಕೊಟ್ಟ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ತಮ್ಮ ಮನೆತನವು ಕೈಕೆಲಸವಿಲ್ಲದೆ ಹಾಳಾದುದನ್ನು ಅವರು ಮರೆತಿರಲಿಲ್ಲ. ನೇಯಿಗೆ, ಹೊಲಿಗೆ, ಗಾಣ, ಬೇಸಾಯ, ಮುದ್ರಣ ಮೊದಲಾದವುಗಳನ್ನು ಹುಡುಗಿಯರಿಗೆ ಕಲಿಸಿದರು. ಕುರುಡಿಯರಿಗೆ ಬೆರಳಿನಿಂದ ಓದುವ ಬ್ರೇಲ್ ಲಿಪಿಯನ್ನು ಮಗಳು ಮನೋರಮೆಯು ಕಲಿಸಿದಳು. ದಾರಿತಪ್ಪಿದ ಸ್ತ್ರೀಯರಿಗೆ ಕೃಪಾಸದನವು ಪ್ರತ್ಯೇಕವಾಗಿ ಏರ್ಪಟ್ಟಿತು. 1897ರಲ್ಲಿ ಪ್ಲೇಗಿನ ಸರಕಾರಿ ಆಸ್ಪತ್ರೆಯಲ್ಲಿ ಸ್ತ್ರೀಯರ ಮಾನಕ್ಕೆ ತಕ್ಕ ವ್ಯವಸ್ಥೆಯಿಲ್ಲೆಂದು ಕಂಡಾಗ ಅವರು ಪತ್ರಿಕೆಯಲ್ಲಿ ನಿರ್ಭಯವಾಗಿ ಬರೆದರು. ರೋಗಿಯು ದಿಕ್ಕಿಲ್ಲದವಳೆಂದು ಆಕೆಯ ಮಾನವನ್ನು ಅಲಕ್ಷಿಸಲು ಯಾವ ಅಧಿಕಾರಿಗೂ ಹಕ್ಕಿಲ್ಲವೆಂಬದು ಅವರ ನಿಲುವಾಗಿತ್ತು.

ಹಗಲೆಲ್ಲ ಇಷ್ಟು ದುಡಿಮೆಯಿದ್ದರೂ ಹಿಬ್ರೂ, ಗ್ರೀಕ ಭಾಷೆಗಳನ್ನು ಅಭ್ಯಾಸಮಾಡಿ ಬೈಬಲನ್ನು ಸಾಮಾನ್ಯರಿಗೆ ತಿಳಿಯುವ ಮರಾಠಿಯಲ್ಲಿ ಅನುವಾದಿಸಿದರು. ಅದು ಸದನದ ಸ್ತ್ರೀಯರ ಕೈಯಿಂದಲೇ ಅಚ್ಚಾಯಿತು. 1919ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನಿತ್ತಿತು. 1921ರಲ್ಲಿ ಮನೋರಮೆಯು ತಾಯಿಗಿಂತ ಮೊದಲೇ ಕಣ್ಮುಚ್ಚಿದಳು. 1922ರ ಎಪ್ರಿಲ್ 5ರಂದು ರಮಾಬಾಯಿಯವರೂ ವಿಶ್ರಾಂತಿಗೆ ಸಂದರು. ಕೇಡಗಾಂವಿಯ ಸಂಸ್ಥೆಯು ಇಂದಿಗೂ ನಡೆಯುತ್ತಿದೆ.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಹಲವರು ಈಗ ದವಾಖಾನೆಯಲ್ಲಿ ದಾದಿಯರಾಗಿ, ಶಾಲೆಯಲ್ಲಿ ಶಿಕ್ಷಕಿಯರಾಗಿ, ಅಂಚೆಯ ಮತ್ತು ಬ್ಯಾಂಕಿನ ಕಿಟಕಿಗಳ ಹಿಂದೆ ಕುಳಿತಿದ್ದೀರಿ. ಸಂಶಿಯಿಂದಲೋ ಸುತ್ತಲಿನ ಹಳ್ಳಿಯಿಂದಲೋ ಒಬ್ಬ ಮುದುಕಿಯು ಸೆರಗಿನ ಗಂಟಿನಲ್ಲಿ ಕಾಗದವನ್ನು ಕಟ್ಟಿಕೊಂಡು ನಿಮ್ಮ ಮುಂದೆ ಬಂದು, ಏನು ಕೇಳಬೇಕೆಂದು ತಿಳಿಯದೆ ಸುಮ್ಮನೆ ನಿಲ್ಲಬಹುದು. ಆಕೆಯ ಹಿಂದೆ ಸಾಲು ಬೆಳೆದಿರಬಹುದು, ನಿಮಗೂ ದಣಿವಾಗಿರಬಹುದು. ಆಗ ರೊಟ್ಟಿಯ ತುಂಡಿಗಾಗಿ ನಿಂತು ಮಾತು ಹೊರಡದ ಆ ಹದಿನಾರರ ಹುಡುಗಿಯನ್ನು ನೆನೆಯಿರಿ. ಮುದುಕಿಯನ್ನು ಅವ್ವಾ ಎಂದು ಕರೆದು, ಕೂಡ್ರಿಸಿ, ಕಾಗದವನ್ನು ನೀವೇ ಬಿಚ್ಚಿ ಓದಿರಿ. ಪಾಲಕರಾದ ನೀವೂ ಮಗಳ ಸಂಬಳವನ್ನು ಕೇಳುವ ದಿನ, ಆಕೆಯು ಇಂದು ಯಾರಿಗೆ ನೆರವಾದಳೆಂಬದನ್ನೂ ಕೇಳಬೇಕೆಂದು ನಾವು ಬಿನ್ನವಿಸುತ್ತೇವೆ.