ಬಡಿತದ ಗುಟ್ಟು ಹಿಡಿದ ಸರ್ ಹ್ಯಾರಿ ರಿಕಾರ್ಡೊ

ಕನ್ನಡ ಪಾಠ ಹೇಳುವವನಿಗೆ ಎಂಜಿನ್ನಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೂ ಹೌದು. ಆ ಗೊಡವೆ ನನಗೆ ಅಂಟಿಕೊಂಡದ್ದು ಒಂದು ಬೇಸಿಗೆಯ ಪ್ರಯಾಣದಿಂದ. ರಾಯಚೂರಿನಲ್ಲಿ ಬಂಧುಗಳ ಮನೆಯ ಮದುವೆಗೆಂದು ಬೈಲಕುಪ್ಪೆಯಿಂದ ನನ್ನ ಸೋದರಳಿಯನ ಕಾರಿನಲ್ಲಿ ಐದು ಜನ ಹೊರಟಿದ್ದೆವು. ಕಾರು ಚಿಕ್ಕದು, ಆದರೆ ಅದರ ಎಂಜಿನ್ನಿಗೆ ಟರ್ಬೋ ಜೋಡಿಸಿದೆ, ಆದ್ದರಿಂದ ದೊಡ್ಡ ಕಾರಿನ ಕಸುವೆಲ್ಲ ಅದಕ್ಕೆ ಬಂದಿದೆ ಎಂದು ಅಳಿಯನಿಗೆ ಹೆಮ್ಮೆ. ನಮ್ಮ ಸೀಮೆಯ ಮರಗಳ ನೆರಳನ್ನು ದಾಟಿ ಬಯಲುಸೀಮೆಯ ಮೇ ತಿಂಗಳ ಬಿಸಿಲಿಗೆ ಬಂದ ಮೇಲೆ, ಏರುದಾರಿಯೊಂದರಲ್ಲಿ, ತಗಡಿನ ಡಬ್ಬಿಗೆ ಕಡಲೆಕಾಳು ಹಾಕಿ ಕುಲುಕಿದಂತಹ ಸದ್ದೊಂದು ಕೇಳಿಸಿತು. ಅಳಿಯ ಹಾಡಿನ ಧ್ವನಿಯನ್ನು ಏರಿಸಿದ. ಮದುವೆಯೇನೋ ಸಾಂಗವಾಗಿ ನೆರವೇರಿತು. ಹಿಂದಿರುಗುವ ದಾರಿಯಲ್ಲಿ ಕಾರಿನ ಕಸುವು ಕುಂದಿತು. ಹಿಂದೆ ನೀಲಿ ಹೊಗೆ ಕಂಡಿತು. ಊರಿಗೆ ಬಂದು ಎಂಜಿನ್ನನ್ನು ಬಿಚ್ಚಿಸಿದಾಗ ಒಂದು ಪಿಸ್ಟನ್ನಿನ ಅಂಚು ಒಡೆದು ಚೂರಾಗಿತ್ತು. ಅಳಿಯನು ಹೆಚ್ಚಿನ ಕಸುವಿನ ಆಸೆಯಿಂದ ಯಾರಿಂದಲೋ ಎಂಜಿನ್ನಿನ ಕಂಪ್ಯೂಟರಿನ ಲೆಕ್ಕಾಚಾರವನ್ನೇ ಬದಲಾಯಿಸಿಕೊಂಡಿದ್ದನೆಂಬ ಸಂಗತಿ ಆಮೇಲೆ ಹೊರಬಿತ್ತು. ಅದನ್ನು ಅವನು ತನ್ನ ತಾಯಿಗೆ ಇಂದಿಗೂ ಹೇಳಿಲ್ಲ.

ಎಂಜಿನ್ನನ್ನು ಬಿಚ್ಚಿದ ಮೆಕ್ಯಾನಿಕ್ಕು ವಯಸ್ಸಾದವರು, ನಮ್ಮ ಕಡೆಯ ಹೊಗೆಸೊಪ್ಪಿನ ಬೇಸಾಯದ ಮನೆಯಿಂದ ಬಂದವರು. ಪಿರಿಯಾಪಟ್ಟಣ, ಹುಣಸೂರು ಸೀಮೆಯಲ್ಲಿ ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್ನುಗಳನ್ನು ಕಾಣದವರಿಲ್ಲ. ಅಲ್ಲಿ ಬೆಂಕಿ ಉರಿಯುವುದು ಹೊರಗಿನ ಒಲೆಯಲ್ಲಿ. ಒಳಗೆ ಬರುವುದು ಕೊಳವೆಯ ಶಾಖ ಮಾತ್ರ. ಆದರೂ ಒಣಗಿದ ಎಲೆಯೊಂದು ಕಾದ ಕೊಳವೆಯ ಮೇಲೆ ಉದುರಿದರೆ, ಜ್ವಾಲೆಯ ಸೋಂಕಿಲ್ಲದೆಯೇ ಹೊತ್ತಿಕೊಂಡು ಇಡೀ ಬ್ಯಾರನ್ನನ್ನು ಆಹುತಿ ತೆಗೆದುಕೊಳ್ಳುತ್ತದೆ. ಎಂಜಿನ್ನಿನೊಳಗೆ ಆದದ್ದೂ ಅದೇ ಎಂದು ಅವರು ವಿವರಿಸಿದರು. ಕಿಡಿ ಹೊತ್ತಿಸಿದ ಬೆಂಕಿ ಸಿಲಿಂಡರಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಸಾಗಬೇಕು. ಸಾಗುವ ಬೆಂಕಿ ತನ್ನ ಮುಂದಿರುವ, ಇನ್ನೂ ಉರಿಯದ ಅನಿಲವನ್ನು ಮೂಲೆಗೆ ಒತ್ತುತ್ತದೆ. ಒತ್ತಿದಷ್ಟೂ ಅದು ಕಾಯುತ್ತದೆ. ಕಾವು ಮಿತಿಮೀರಿದರೆ ಆ ಮೂಲೆಯ ಅನಿಲ, ಬೆಂಕಿ ಬಂದು ಮುಟ್ಟುವುದಕ್ಕೆ ಮೊದಲೇ, ತಾನಾಗಿ ಒಮ್ಮೆಲೇ ಸಿಡಿಯುತ್ತದೆ. ಡಬ್ಬಿಯ ಕಾಳಿನ ಸದ್ದು ಅದರದು. ಕಸಬಿನವರು ಅದನ್ನು ನಾಕಿಂಗ್ ಎನ್ನುತ್ತಾರೆ; ನಾನು ಬಡಿತ ಎಂದು ಕರೆಯುತ್ತೇನೆ.

ಈ ವಿವರಣೆ ಮೊದಲು ಯಾರದೆಂದು ಹುಡುಕಿಕೊಂಡು ಹೋದವನಿಗೆ ಸಿಕ್ಕಿದವನು ಸರ್ ಹ್ಯಾರಿ ರಿಕಾರ್ಡೊ. ಎಂಜಿನಿಯರುಗಳಿಗೆ ಈತ ಪ್ರಾತಃಸ್ಮರಣೀಯ, ನಮ್ಮಂತಹವರಿಗೆ ಅಪರಿಚಿತ.

ಹ್ಯಾರಿ ರಿಕಾರ್ಡೊ ಹುಟ್ಟಿದ್ದು 1885ರ ಜನವರಿ 26ರಂದು, ಲಂಡನ್ನಿನಲ್ಲಿ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಬಲ್ಲ ಡೇವಿಡ್ ರಿಕಾರ್ಡೊನ ಸಹೋದರನ ಸಂತತಿ ಇವನದು. ಆದರೆ ನಮಗೆ ಇದಕ್ಕಿಂತ ಹತ್ತಿರದ ನಂಟೊಂದಿದೆ. ಇವನ ತಂದೆ ಹಾಲ್ಸೆ ರಿಕಾರ್ಡೊ ವಾಸ್ತುಶಿಲ್ಪಿ. ಕಲ್ಕತ್ತೆಯ ಹೌರಾ ರೈಲುನಿಲ್ದಾಣದ ಈಗಿರುವ ಭವ್ಯ ಕಟ್ಟಡಕ್ಕೆ ನಕ್ಷೆ ಬರೆದವನು ಅವನೇ. ತಾಯಿಯ ತಂದೆ ಸರ್ ಅಲೆಗ್ಸಾಂಡರ್ ರೆಂಡಲ್, ಸಿಂಧೂನದಿಗೆ ಸಕ್ಕರ್ ಬಳಿ ಹಾಕಿದ ಲ್ಯಾನ್ಸ್‌ಡೌನ್ ಸೇತುವೆಯ ರೂಪಕರ್ತ. ಹೀಗೆ ಆ ಮನೆಯ ಎರಡು ತಲೆಮಾರಿನ ಜಾಣ್ಮೆ ಅಂದಿನ ಅವಿಭಜಿತ ಭಾರತದ ನೆಲದ ಮೇಲೆ ನಿಂತಿತು.

1903ರಲ್ಲಿ ಅವನು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದನು. ಮರುವರ್ಷ ಅಲ್ಲಿಯ ಮೋಟಾರು ಸಂಘದವರು ಒಂದು ಸ್ಪರ್ಧೆಯನ್ನಿಟ್ಟರು: ಒಂದು ಕ್ವಾರ್ಟ್, ಎಂದರೆ ಒಂದು ಲೀಟರಿಗೆ ತುಸು ಹೆಚ್ಚು ಪೆಟ್ರೋಲಿನಲ್ಲಿ, ಯಾರ ಯಂತ್ರ ಹೆಚ್ಚು ದೂರ ಓಡೀತು? ರಿಕಾರ್ಡೊನ ಮೋಟಾರು ಸೈಕಲ್ಲು ಇದ್ದವುಗಳಲ್ಲೆಲ್ಲ ಭಾರವಾದುದು, ಅದರ ಸಿಲಿಂಡರು ಎಲ್ಲಕ್ಕಿಂತ ದೊಡ್ಡದು. ಅದೇ 40 ಮೈಲಿ ಓಡಿ ಗೆದ್ದಿತು. ವೇಗವನ್ನು ಮೆರೆಯಿಸಿ ಹೆಸರು ಪಡೆದವರು ಅನೇಕರು. ಮಿತವ್ಯಯದಿಂದ ಹೆಸರು ಪಡೆದ ಈ ಹುಡುಗನನ್ನು ಪ್ರೊಫೆಸರ್ ಬರ್ಟ್ರಮ್ ಹಾಪ್ಕಿನ್ಸನ್ ತನ್ನ ಎಂಜಿನ್ ಸಂಶೋಧನೆಗೆ ಸೇರಿಸಿಕೊಂಡನು. ಎಂಜಿನ್ನನ್ನು ಹೊರಗಿನಿಂದ ನೋಡುವುದಲ್ಲ, ಅದರೊಳಗೆ ಉರಿಯುವ ಅನಿಲವನ್ನು ಕಣ್ಣಿಗೆ ಕಟ್ಟಿಕೊಳ್ಳಬೇಕು ಎಂಬ ಪಾಠ ರಿಕಾರ್ಡೊನಿಗೆ ದೊರೆತದ್ದು ಈ ಗುರುವಿನಿಂದ. ಹಾಪ್ಕಿನ್ಸನ್ 1918ರಲ್ಲಿ ವಿಮಾನದ ಅಪಘಾತದಲ್ಲಿ ಮಡಿದನು. ಒಳ್ಳೆಯ ಗುರುಗಳ ಆಯುಸ್ಸು ಕಿರಿದಾಗಿರುವುದೇಕೋ!

ತಾತನ ಸಂಸ್ಥೆಯಲ್ಲಿ ಕೆಲಕಾಲದ ನೌಕರಿ, 1911ರಲ್ಲಿ ಬಿಯಾಟ್ರಿಸ್ ಹೇಲ್ ಎಂಬ ಚಿತ್ರಕಲೆಯ ವಿದ್ಯಾರ್ಥಿನಿಯೊಡನೆ ಮದುವೆ, ಮೂವರು ಹೆಣ್ಣುಮಕ್ಕಳು. ಸಂಸಾರದ ಕಥೆಯಲ್ಲಿ ಏರುಪೇರುಗಳಿಲ್ಲ. ಏರುಪೇರು ಬಂದದ್ದು ಮೊದಲನೆಯ ಮಹಾಯುದ್ಧದಿಂದ. ಬ್ರಿಟಿಷರ ಮೊದಲ ಟ್ಯಾಂಕುಗಳು ಕಾರುವ ದಟ್ಟ ಹೊಗೆ ಅವು ಅಡಗಿರುವ ತಾಣವನ್ನು ಶತ್ರುವಿಗೆ ಸಾರಿಹೇಳುತ್ತಿತ್ತು. ಹೊಗೆಯಿಲ್ಲದ, ಹೆಚ್ಚು ಕಸುವಿನ ಎಂಜಿನ್ನನ್ನು ರಚಿಸುವ ಭಾರ ರಿಕಾರ್ಡೊನ ಮೇಲೆ ಬಿತ್ತು. ಒಳ್ಳೆಯ ಪೆಟ್ರೋಲೆಲ್ಲ ವಿಮಾನಗಳ ಪಾಲು. ಟ್ಯಾಂಕಿಗೆ ಉಳಿದದ್ದು ಕೀಳು ಪೆಟ್ರೋಲು, ಸುಲಭವಾಗಿ ಬಡಿತಕ್ಕೆ ಗುರಿಯಾಗುವಂಥದು. ಸಿಕ್ಕಿದ ಇಂಧನಕ್ಕೆ ಎಂಜಿನ್ನನ್ನು ಒಗ್ಗಿಸಿ ಅವನು ರಚಿಸಿದ 150 ಅಶ್ವಶಕ್ತಿಯ ಯಂತ್ರವನ್ನು ‘ಮಾರ್ಕ್ 5’ ಟ್ಯಾಂಕಿಗೆ ಅಳವಡಿಸಿದರು. ಅಂತಹವು ಸಾವಿರಗಟ್ಟಲೆ ತಯಾರಾದುವು.

ಆದರೆ ಈ ಲೇಖನದ ನಾಯಕ ಟ್ಯಾಂಕಿನ ರಿಕಾರ್ಡೊ ಅಲ್ಲ, ಅದರ ಮುಂದಿನವನು. ಯುದ್ಧ ಮುಗಿದು 1919ರಲ್ಲಿ ಶೋರಹ್ಯಾಮ್ ಎಂಬ ಕಡಲತೀರದ ಊರಿನಲ್ಲಿ ಅವನು ಪ್ರಯೋಗಶಾಲೆಯನ್ನು ಕಟ್ಟಿದನು. ಎಂಜಿನ್ನಿನ ಬಡಿತಕ್ಕೆ ಅವಧಿಗೆ ಮೊದಲೇ ಹೊತ್ತುವ ಕಿಡಿಯೇ ಕಾರಣವೆಂದು ಆಗ ಅನೇಕರ ನಂಬಿಕೆ. ಅದಲ್ಲ, ಕೊನೆಗೆ ಉಳಿದ ಅನಿಲ ತಾನಾಗಿ ಸಿಡಿಯುವುದೇ ಕಾರಣವೆಂದು ರಿಕಾರ್ಡೊ ತಿಳಿಸಿದನು. ಹಾಗಾದರೆ ಯಾವ ಇಂಧನ ಎಷ್ಟು ಒತ್ತಡವನ್ನು ತಡೆದೀತು? ಇದನ್ನು ಅಳೆಯಲು ಅವನೂ ಅವನ ಸಂಗಡಿಗರಾದ ಹೆನ್ರಿ ಟಿಜಾರ್ಡ್, ಡೇವಿಡ್ ಪೈ ಇವರೂ ಓಡುತ್ತಿರುವಾಗಲೇ ಅದುಮುವ ಪ್ರಮಾಣವನ್ನು ಏರಿಸಿ ಇಳಿಸಬಹುದಾದ ವಿಶೇಷ ಎಂಜಿನ್ನೊಂದನ್ನು ನಿರ್ಮಿಸಿಕೊಂಡರು. ಒಂದೊಂದು ಇಂಧನವನ್ನು ಕುಡಿಸುವುದು, ಸಂಪೀಡನವನ್ನು ಮೆಲ್ಲಮೆಲ್ಲನೆ ಏರಿಸುವುದು, ಬಡಿತ ಮೊದಲಾಗುವ ಕ್ಷಣವನ್ನು ಕಿವಿಗೊಟ್ಟು ಗುರುತಿಸುವುದು. ವೈದ್ಯನು ನಾಡಿ ನೋಡುವಂತಹ ಕೆಲಸವಿದು, ತಾಳ್ಮೆಯ ಕೆಲಸ. ಈ ಪರೀಕ್ಷೆಗಳಲ್ಲಿ ಬಂದ ಫಲ ಎಣ್ಣೆ ವ್ಯಾಪಾರಿಗಳನ್ನು ಬೆರಗುಗೊಳಿಸಿತು. ತೂಕ ಹೆಚ್ಚೆಂಬ ಕಾರಣಕ್ಕೆ ಕೀಳೆಂದು ತಳ್ಳಿಬಿಟ್ಟಿದ್ದ ಬೋರ್ನಿಯೋ ದ್ವೀಪದ ಪೆಟ್ರೋಲು ಬಡಿತಕ್ಕೆ ಜಗ್ಗದ ಉತ್ತಮ ಇಂಧನವೆಂದು ತಿಳಿದುಬಂತು. ಇಂದು ಪೆಟ್ರೋಲ್ ಬಂಕಿನಲ್ಲಿ ನಾವು ಕಾಣುವ ಆಕ್ಟೇನ್ ಅಂಕಿಗೆ ಹಿರಿಯಣ್ಣನಂತಿದ್ದ ಟೊಲ್ವೀನ್ ಮಾನವೂ ಈ ಪ್ರಯೋಗಗಳಿಂದಲೇ ಬಂದದ್ದು.

ಇಲ್ಲಿ ಅಟ್ಲಾಂಟಿಕ್ಕಿನ ಆಚೆಯ ಇನ್ನೊಬ್ಬನನ್ನು ನೆನೆಯದೆ ಮುಂದೆ ಹೋಗಲಾಗದು. ಅಮೆರಿಕದ ಡೇಟನ್ ನಗರದಲ್ಲಿ ಥಾಮಸ್ ಮಿಜ್ಲೆ ಎಂಬಾತ 1921ರ ಡಿಸೆಂಬರಿನಲ್ಲಿ, ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತವನ್ನು ಕೊಂಚವೇ ಬೆರೆಸಿದರೆ ಬಡಿತ ಮಾಯವಾಗುವುದೆಂದು ಕಂಡುಹಿಡಿದನು. ಎಂಜಿನ್ನನ್ನು ಮುಟ್ಟಬೇಕಿಲ್ಲ, ಅದರ ಆಕಾರವನ್ನು ಬದಲಿಸಬೇಕಿಲ್ಲ. ಕೆಲವೇ ತೊಟ್ಟು ಸಾಕು. 1923ರಲ್ಲಿ ಅದು ಮಾರಾಟಕ್ಕೆ ಬಂತು. ಆ ವರ್ಷವೇ ಮಿಜ್ಲೆ ಸೀಸದ ವಿಷವೇರಿ ವಿಶ್ರಾಂತಿ ಪಡೆಯಬೇಕಾಯಿತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಎಣ್ಣೆ ಕಾರ್ಖಾನೆಯೊಂದರಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕೆಲಸಗಾರರು ಸತ್ತರು. ಆದರೂ ಅದು ಲೋಕವನ್ನೆಲ್ಲ ಸುತ್ತಿತು. ನಮ್ಮ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲು ಜಾರಿಗೆ ಬಂದದ್ದು 2000ದ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಮೈಸೂರಿನಿಂದ ಮಡಿಕೇರಿಗೆ ಹೋಗುವ ರಸ್ತೆಯ ಬದಿಯಲ್ಲಿ ಆಡಿದ ಮಕ್ಕಳು ಆ ಗಾಳಿಯನ್ನೇ ಕುಡಿದರು. ಆ ಮಕ್ಕಳಲ್ಲಿ ನಾನೂ ಒಬ್ಬ.

ರಿಕಾರ್ಡೊನ ದಾರಿ ಇಷ್ಟು ಸುಲಭದ್ದಲ್ಲ. ಬೆಂಕಿ ನಡೆಯಬೇಕಾದ ಹಾದಿಯನ್ನು ಮೊಟಕುಗೊಳಿಸಿದರೆ, ಅನಿಲವನ್ನು ಚೆನ್ನಾಗಿ ಸುಳಿಸಿದರೆ, ಮೂಲೆಯ ಅನಿಲಕ್ಕೆ ತಾನಾಗಿ ಸಿಡಿಯಲು ಸಮಯವೇ ಸಿಗದು. ಈ ತತ್ತ್ವದ ಮೇಲೆ ಅವನು ಸಿಲಿಂಡರಿನ ತಲೆಗೆ ಹೊಸ ಆಕಾರ ಕೊಟ್ಟನು. ದಹನಕೋಣೆಯಲ್ಲಿ ಹೆಚ್ಚು ಕಾಯುವ ಭಾಗವೆಂದರೆ ಹೊಗೆ ಹೊರಡುವ ಕವಾಟ. ಅದೇ ಇಲ್ಲದಂತೆ, ಜಾರುವ ತೋಳಿನಂತಹ ಕವಾಟವನ್ನು ವಿಮಾನಗಳಿಗಾಗಿ ವರ್ಷಗಟ್ಟಲೆ ಬೆಳೆಸಿದನು. ಎರಡನೆಯ ಮಹಾಯುದ್ಧದ ಬ್ರಿಸ್ಟಲ್ ಹರ್ಕ್ಯುಲಿಸ್, ನೇಪಿಯರ್ ಸೇಬರ್ ಎಂಜಿನ್ನುಗಳು ಈ ಜಾತಿಯವು. ನ್ಯಾಯವಾಗಿ ಹೇಳಬೇಕೆಂದರೆ ಆ ವಿಮಾನಗಳು ಹಾರಿದ್ದು ಸೀಸ ಬೆರೆತ ಪೆಟ್ರೋಲಿನಿಂದಲೇ. ಮಿಜ್ಲೆಯನ್ನು ರಾಕ್ಷಸನನ್ನಾಗಿಯೂ ರಿಕಾರ್ಡೊನನ್ನು ಋಷಿಯನ್ನಾಗಿಯೂ ಚಿತ್ರಿಸುವ ಆಸೆ ನನಗಿಲ್ಲ.

ರಿಕಾರ್ಡೊನ ಪರೀಕ್ಷೆಗಳಲ್ಲಿ ಮೇಲುಗೈಯಾದ ಇಂಧನಗಳಲ್ಲಿ ಆಲ್ಕೋಹಾಲು ಒಂದು. ಅದಕ್ಕೆ ಎರಡು ಗುಣ. ಸುಲಭವಾಗಿ ತಾನಾಗಿ ಸಿಡಿಯದಿರುವುದು ಒಂದು. ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಾಲಿಗೂ ಮಿಕ್ಕ ಶಾಖವನ್ನು ಹೀರಿಕೊಂಡು ಸುತ್ತಣ ಗಾಳಿಯನ್ನು ತಂಪುಮಾಡುವುದು ಇನ್ನೊಂದು. ಬೇಸಿಗೆಯಲ್ಲಿ ಮಡಕೆಯ ನೀರು ತಣ್ಣಗಿರುವುದೇಕೆಂದು ಬಲ್ಲವರಿಗೆ ಇದು ಹೊಸದಲ್ಲ. ನಮ್ಮ ಮಂಡ್ಯದಲ್ಲಿ 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯ ಕಾಕಂಬಿಯಿಂದ ಆಲ್ಕೋಹಾಲು ಬಟ್ಟಿಯಿಳಿಸಿ ಮೋಟಾರುಗಳ ಪೆಟ್ರೋಲಿಗೆ ಬೆರೆಸಿದ ಕಾಲವೊಂದಿತ್ತು. ಪೆಟ್ರೋಲಿಗೆ ಬರಬಂದ ಯುದ್ಧದ ದಿನಗಳಲ್ಲಿ ಅದು ಆಪದ್ಬಾಂಧವ. ಈಗ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಗುರಿ 2025ರಲ್ಲಿ ಕೈಗೂಡಿದೆ. ಮೈಲಿ ಕಡಿಮೆಯಾಯಿತೆಂದು ಗೊಣಗುವವರಿದ್ದಾರೆ. ಗೊಣಗಿನಲ್ಲಿ ಹುರುಳಿಲ್ಲದಿಲ್ಲ, ಏಕೆಂದರೆ ಆಲ್ಕೋಹಾಲಿನಲ್ಲಿ ಅಡಗಿರುವ ಶಕ್ತಿ ಕಡಿಮೆ. ಬಡಿತದ ಲೆಕ್ಕವನ್ನು ಮಾತ್ರ ಅವರು ಹಾಕಿರುವುದಿಲ್ಲ.

ಈ ಲೆಕ್ಕ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುವುದು ಟರ್ಬೋ ಎಂಜಿನ್ನಿಗೆ. ಹೊರಬೀಳುವ ಹೊಗೆಯಿಂದಲೇ ಚಕ್ರವನ್ನು ತಿರುಗಿಸಿ ಗಾಳಿಯನ್ನು ಅದುಮಿ ಒಳಗೆ ತುಂಬುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟು ಪಡೆದನು. ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆ. ಹೊರಗೆ 40 ಡಿಗ್ರಿ ಸೆಲ್ಸಿಯಸ್ ಇರುವ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ತಂದರೆ, ಯಂತ್ರದಲ್ಲಿ ಯಾವ ಲೋಪವಿಲ್ಲದಿದ್ದರೂ, ಅದರ ಉಷ್ಣತೆ 100 ಡಿಗ್ರಿಯನ್ನು ದಾಟುತ್ತದೆ. ನಿಜವಾದ ಯಂತ್ರದಲ್ಲಿ ಇನ್ನೂ ಹೆಚ್ಚು. ರಾಯಚೂರಿನ ಬಿಸಿಲಿನಲ್ಲಿ ನಮ್ಮ ಎಂಜಿನ್ನು ಉಸಿರಾಡಿದ್ದು ಇಂತಹ ಗಾಳಿಯನ್ನು. ಆದ್ದರಿಂದಲೇ ಟರ್ಬೋ ಮತ್ತು ಎಂಜಿನ್ನಿನ ನಡುವೆ ಇಂಟರ್‌ಕೂಲರ್ ಎಂಬ ತಂಪುಪೆಟ್ಟಿಗೆಯನ್ನಿಡುತ್ತಾರೆ. ಬೆಂಗಳೂರಿನಲ್ಲಿ 1940ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ, ಯುದ್ಧದ ಬಳಿಕ, ಬಿಟ್ಟುಹೋಗಿದ್ದ ಲಿಬರೇಟರ್ ವಿಮಾನಗಳನ್ನು ನಮ್ಮವರು ದುರಸ್ತಿ ಮಾಡಿ ವಾಯುಪಡೆಗೆ ಕೊಟ್ಟರು. ಅವುಗಳ ಎಂಜಿನ್ನುಗಳಿಗೂ ಟರ್ಬೋ ಇತ್ತು, ಇಂಟರ್‌ಕೂಲರೂ ಇತ್ತು. ರಿಕಾರ್ಡೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತುಂಬುವ ಗಾಳಿಯ ಒತ್ತಡ ಏರಿದಂತೆಲ್ಲ ಜೊತೆಗೆ ನೀರನ್ನು ಚಿಮುಕಿಸಿ, ಬಡಿತವಿಲ್ಲದೆ ಎಷ್ಟು ಕಸುವನ್ನು ತೆಗೆಯಬಹುದೆಂದು ಪರೀಕ್ಷಿಸಿದ್ದನು.

ಈಗಿನ ಕಾರುಗಳಲ್ಲಿ ಬಡಿತವನ್ನು ಆಲಿಸಲು ಎಂಜಿನ್ನಿನ ಮೈಗೆ ಒಂದು ಪುಟ್ಟ ಕಿವಿಯನ್ನು ಕೂರಿಸಿರುತ್ತಾರೆ. ಅದು ಸದ್ದನ್ನು ಗ್ರಹಿಸಿದೊಡನೆ ಕಂಪ್ಯೂಟರು ಕಿಡಿಯನ್ನು ತುಸು ತಡಮಾಡುತ್ತದೆ, ಒತ್ತಡವನ್ನು ಇಳಿಸುತ್ತದೆ. ಶೋರಹ್ಯಾಮಿನಲ್ಲಿ ಮನುಷ್ಯರು ಕಿವಿಗೊಟ್ಟು ಮಾಡಿದ ಕೆಲಸ ಇದು. ಅಳಿಯನ ಕಾರಿನಲ್ಲಿ ಆ ಕಿವಿಯ ಮಾತಿಗೆ ಬೆಲೆಯಿಲ್ಲದಂತೆ ಮಾಡಿಸಲಾಗಿತ್ತು.

ರಿಕಾರ್ಡೊನಿಗೆ ಗೌರವಗಳಿಗೆ ಕೊರತೆಯಾಗಲಿಲ್ಲ. 1929ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1948ರಲ್ಲಿ ಸರ್ ಪದವಿ. 1931ರ ಅವನ ಡೀಸೆಲ್ ದಹನಕೋಣೆಯಿಂದ ಲಂಡನ್ನಿನ ಬಸ್ಸುಗಳು ಓಡಿದುವು. 1968ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದನು. ಅದರ ಹೆಸರಿನಲ್ಲಿ ನೆನಪುಗಳೂ ಯಂತ್ರಗಳೂ ಜೋಡಿಯಾಗಿ ಬರುತ್ತವೆ. 1974ರ ಮೇ 18ರಂದು, 89ನೆಯ ವಯಸ್ಸಿನಲ್ಲಿ ತೀರಿಕೊಂಡನು.

ನಮ್ಮ ಮೆಕ್ಯಾನಿಕ್ಕು ಈ ಹೆಸರನ್ನು ಕೇಳಿದವರಲ್ಲ. ಪಿಸ್ಟನ್ನನ್ನು ಬದಲಾಯಿಸಿ, ಕಂಪ್ಯೂಟರಿಗೆ ಕಾರ್ಖಾನೆಯ ಮೂಲ ಲೆಕ್ಕವನ್ನೇ ಮರಳಿ ಹಾಕಿಸಿ, ಇಂಟರ್‌ಕೂಲರಿನ ಸಂದುಗಳಲ್ಲಿ ಕೂತಿದ್ದ ಧೂಳನ್ನೂ ಸತ್ತ ಹುಳುಗಳನ್ನೂ ತೊಳೆದು, ಅಳಿಯನಿಗೆ ನಾಲ್ಕು ಮಾತು ಹೇಳಿ ಕಳುಹಿಸಿದರು: ಬಿಸಿಲಿನ ಪ್ರಯಾಣಕ್ಕೆ ಹೆಚ್ಚು ಆಕ್ಟೇನಿನ ಪೆಟ್ರೋಲು ಹಾಕಿಸುವುದು, ಏರಿನಲ್ಲಿ ಮೇಲಿನ ಗೇರಿನಲ್ಲೇ ಇದ್ದು ಆಕ್ಸಿಲರೇಟರನ್ನು ತುಳಿಯದಿರುವುದು, ಕೂಲೆಂಟು ತಗ್ಗದಂತೆ ನೋಡಿಕೊಳ್ಳುವುದು, ಕಾಳಿನ ಸದ್ದು ಕೇಳಿದ ಕೂಡಲೇ ಕಾಲು ಸಡಿಲಿಸುವುದು. ದುರಸ್ತಿಯ ಬಿಲ್ಲನ್ನು ಮೂರು ಕಂತಿನಲ್ಲಿ ತೀರಿಸಿದ್ದಾಯಿತು. ಈ ಬೇಸಿಗೆಯಲ್ಲಿ ಅದೇ ಕಾರಿನಲ್ಲಿ ಮತ್ತೆ ರಾಯಚೂರಿಗೆ ಹೋಗಿಬಂದೆವು. ಏರು ಬಂದಾಗಲೆಲ್ಲ ಅಳಿಯ ಹಾಡನ್ನು ನಿಲ್ಲಿಸುತ್ತಿದ್ದ. ಹಿಂದಿನ ಸೀಟಿನಲ್ಲಿದ್ದ ಅವನ ತಾಯಿಗೆ ಅದೇಕೆಂದು ತಿಳಿಯಲಿಲ್ಲ.