ಬೆಟ್ಟದ ಮಗ್ಗುಲಲ್ಲಿ ಆಶ್ರಮ ಕಟ್ಟಿದ ಗುರು

ಅಗ್ರಹಾರದಿಂದ ದಕ್ಷಿಣಕ್ಕೆ ಹೊರಟು, ನಂಜನಗೂಡಿನ ದಾರಿ ಹಿಡಿದು, ಚಾಮುಂಡಿ ಬೆಟ್ಟವನ್ನು ಎಡಕ್ಕಿಟ್ಟುಕೊಂಡು ಬಳಸಿ ಹೋದರೆ ಉತ್ತನಹಳ್ಳಿಯ ಸೀಮೆ ಸಿಗುತ್ತದೆ. ಅಲ್ಲಿರುವ ಅಂಜಲಿ ಆಶ್ರಮವನ್ನು ನಮ್ಮ ನಗರದ ಕಥೋಲಿಕ ಕುಟುಂಬಗಳಲ್ಲಿ ಅನೇಕರು ಒಮ್ಮೆಯಾದರೂ ಕಂಡಿರುತ್ತಾರೆ. ಅದನ್ನು ಸ್ಥಾಪಿಸಿದ ವಂದನೀಯ ಗುರು ಡಿ. ಎಸ್. ಅಮಲೋರ್‌ಪವದಾಸ್ ಅವರನ್ನು ಹಿರಿಯರು ಕಾವಿಯುಟ್ಟ ಸ್ವಾಮೀಜಿಯಾಗಿ, ಸ್ವಾಮಿ ಅಮಲೋರಾನಂದರಾಗಿ ನೆನೆಯುತ್ತಾರೆ. ಆರತಿ, ಎಣ್ಣೆದೀಪ, ನೆಲದ ಮೇಲೆ ಕುಳಿತು ಅರ್ಪಿಸುವ ಬಲಿಪೂಜೆ, ಇವೇ ಅವರ ಹೆಸರಿನೊಡನೆ ಅಂಟಿಕೊಂಡಿವೆ. ಆದರೆ ಬಡವರ ನ್ಯಾಯದ ಪ್ರಶ್ನೆಯನ್ನು ಹಿಡಿದು ಅನ್ಯ ಕ್ರೈಸ್ತ ಸಭೆಗಳ ದೈವಶಾಸ್ತ್ರಜ್ಞರೊಡನೆ ಒಂದೇ ಮೇಜಿನ ಸುತ್ತ ಕುಳಿತ ಮೊದಲಿಗರಲ್ಲಿ ಅವರೂ ಒಬ್ಬರೆಂಬುದನ್ನು ಬಲ್ಲವರು ಕಡಿಮೆ.

1932ರಲ್ಲಿ ತಮಿಳುನಾಡಿನ ಕಲ್ಲೇರಿ ಎಂಬ ಹಳ್ಳಿಯಲ್ಲಿ ಜನಿಸಿದ ಅವರು 1959ರಲ್ಲಿ ಗುರುದೀಕ್ಷೆ ಪಡೆದರು. ಅಣ್ಣ ಡಿ. ಎಸ್. ಲೂರ್ದುಸಾಮಿಯವರು 1968ರಿಂದ 1971ರವರೆಗೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದು, ಮುಂದೆ 1985ರಲ್ಲಿ ಕಾರ್ಡಿನಲ್ ಪದವಿಗೇರಿದರು. ತಮ್ಮನು ಪ್ಯಾರಿಸ್‌ನ ಕಥೋಲಿಕ ವಿದ್ಯಾಪೀಠದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದ ಕಾಲವೇ ದ್ವಿತೀಯ ವ್ಯಾಟಿಕನ್ ಮಹಾಸಭೆ ನಡೆಯುತ್ತಿದ್ದ ಕಾಲ. ಬೇರೆ ಸಭೆಗಳ ವಿಶ್ವಾಸಿಗಳನ್ನು ದೂರವಿಡಬೇಕಾದವರೆಂದು ಕಾಣುತ್ತಿದ್ದ ಧರ್ಮಸಭೆಯು ಅವರನ್ನು ಅಗಲಿದ ಸೋದರರೆಂದು ಕರೆದದ್ದು ಆ ಮಹಾಸಭೆಯಲ್ಲಿ. 1967ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರ ಆರಂಭವಾದಾಗ ಅದರ ನಿರ್ದೇಶಕರಾದ ಅವರಿಗೆ ಆಗಿನ್ನೂ ಮೂವತ್ತೈದರ ಆಸುಪಾಸಿನ ವಯಸ್ಸು.

1969ರ ಏಪ್ರಿಲ್‌ನಲ್ಲಿ ಭಾರತದ ದೈವಾರಾಧನೆಗೆ ಹನ್ನೆರಡು ಅಳವಡಿಕೆಗಳನ್ನು ರೋಮ್ ಅನುಮೋದಿಸಿತು. ಅದರ ಸುತ್ತ ಎದ್ದ ವಾದವಿವಾದಗಳ ಕಥೆ ದೀರ್ಘವಾದುದು, ಇಲ್ಲಿ ಬೇಡ. ಮರುತಿಂಗಳೇ ಬೆಂಗಳೂರಿನಲ್ಲಿ ಸೇರಿದ ಭಾರತದ ಇಂದಿನ ಧರ್ಮಸಭೆ ಎಂಬ ಅಖಿಲ ಭಾರತ ವಿಚಾರಗೋಷ್ಠಿ ಅದಕ್ಕಿಂತ ದೊಡ್ಡದು ಎಂಬುದು ಈ ಲೇಖಕನ ಎಣಿಕೆ. ಧರ್ಮಾಧ್ಯಕ್ಷರು, ಗುರುಗಳು, ಕನ್ಯಾಸ್ತ್ರೀಯರು, ಶ್ರೀಸಾಮಾನ್ಯರು ಒಂದೆಡೆ ಕುಳಿತು, ಈ ದೇಶದ ಬಡತನದ ಎದುರಿನಲ್ಲಿ ಧರ್ಮಸಭೆ ಏನು ಮಾಡಬೇಕೆಂದು ಹಗಲೆಲ್ಲ ಚರ್ಚಿಸಿದರು. ಅದರ ಹಿಂದಿನ ದುಡಿಮೆಯಲ್ಲಿ ಬಹುಪಾಲು ಅಮಲೋರ್ ಅವರದು.

1974ರಲ್ಲಿ ರೋಮ್‌ನಲ್ಲಿ ಸುವಾರ್ತಾ ಪ್ರಸಾರವನ್ನು ಕುರಿತು ಧರ್ಮಾಧ್ಯಕ್ಷರ ಸಿನೊಡ್ ನಡೆಯಿತು. ಅದಕ್ಕೆ ಇಬ್ಬರು ವಿಶೇಷ ಕಾರ್ಯದರ್ಶಿಗಳು: ಒಬ್ಬರು ಇಟಲಿಯ ಯೇಸುಸಭೆಯ ಗುರು ಡೊಮೆನಿಕೊ ಗ್ರಾಸೊ, ಮತ್ತೊಬ್ಬರು ನಮ್ಮ ಅಮಲೋರ್. ಇಬ್ಬರೂ ವಿದ್ವಾಂಸರೇ, ಆದರೆ ಹೊರಟ ದಿಕ್ಕು ಬೇರೆ. ಗ್ರಾಸೊ ಅವರು ಸಿದ್ಧಾಂತದಿಂದ ಆರಂಭಿಸಿ ಜನರ ಬಳಿಗೆ ಇಳಿಯುವವರು. ಅಮಲೋರ್ ಅವರು ಆಫ್ರಿಕ, ಏಷ್ಯ, ಲ್ಯಾಟಿನ್ ಅಮೆರಿಕಗಳ ಜನಜೀವನದಿಂದ ಆರಂಭಿಸಿ ಸಿದ್ಧಾಂತದ ಕಡೆಗೆ ಏರುವವರು. ಹಸಿದವನ ವಿಮೋಚನೆ ಸುವಾರ್ತೆಯ ಒಳಗಿನದೇ, ಅಥವಾ ಅದಕ್ಕೆ ಸೇರಿಸಿದ ಅನುಬಂಧವೇ ಎಂಬಲ್ಲಿ ಎರಡು ದೃಷ್ಟಿಗಳೂ ಒಂದಾಗಲಿಲ್ಲ. ಕೊನೆಯ ದಿನಗಳಲ್ಲಿ ಮುಂದಿಟ್ಟ ಕರಡನ್ನು ಧರ್ಮಾಧ್ಯಕ್ಷರು ಒಪ್ಪಲಿಲ್ಲ. ವಿಷಯವನ್ನು ವಿಶ್ವಗುರು ಆರನೆಯ ಪೌಲರಿಗೇ ಒಪ್ಪಿಸಲಾಯಿತು. ಅದರ ಫಲವಾಗಿ 1975ರ ಡಿಸೆಂಬರ್‌ನಲ್ಲಿ ಹೊರಬಂದ ಪ್ರೇಷಿತ ಉಪದೇಶಪತ್ರವು ಸುವಾರ್ತೆಗೂ ಮಾನವ ವಿಮೋಚನೆಗೂ ಇರುವ ಬಿಡಿಸಲಾಗದ ನಂಟನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಸೋತ ಕರಡಿನಲ್ಲಿ ಗೆದ್ದ ಮಾತೂ ಇತ್ತೆನ್ನಬೇಕು.

ಮರುವರ್ಷ, 1976ರ ಆಗಸ್ಟ್‌ನಲ್ಲಿ, ತಾಂಜಾನಿಯದ ದಾರ್-ಎಸ್-ಸಲಾಮ್ ನಗರದಲ್ಲಿ ಮೂರು ಖಂಡಗಳಿಂದ ಬಂದ 20ಕ್ಕೂ ಹೆಚ್ಚು ದೈವಶಾಸ್ತ್ರಜ್ಞರು ಸೇರಿದರು. ಕಥೋಲಿಕರಿದ್ದರು, ಪ್ರೊಟೆಸ್ಟಂಟರಿದ್ದರು. ಅಲ್ಲಿ ರೂಪುಗೊಂಡದ್ದೇ ತೃತೀಯ ಜಗತ್ತಿನ ದೈವಶಾಸ್ತ್ರಜ್ಞರ ಕ್ರೈಸ್ತ ಐಕ್ಯ ಸಂಘ. ಆ ಸಭೆಯಲ್ಲಿ ಅಮಲೋರ್ ಭಾರತದ ಕುರಿತು ಪ್ರಬಂಧ ಮಂಡಿಸಿದರು. ಸಂಘದ ಪ್ರಥಮ ಅಧ್ಯಕ್ಷರಾಗಿ ಆಯ್ಕೆಯಾದವರು ದಕ್ಷಿಣ ಭಾರತ ಸಭೆಯ ಜೆ. ರಸೆಲ್ ಚಂದ್ರನ್, ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ಪ್ರಾಂಶುಪಾಲರು. ಓದುಗರು ಇದನ್ನು ಗಮನಿಸಬೇಕು. ಒಬ್ಬರದು ಹಚಿನ್ಸ್ ರಸ್ತೆಯ ಕೇಂದ್ರ, ಇನ್ನೊಬ್ಬರದು ಮಿಲ್ಲರ್ಸ್ ರಸ್ತೆಯ ಕಾಲೇಜು, ಒಂದೇ ಊರು. ಆ ಊರಿನ ಇಬ್ಬರು ಗುರುಗಳು ಕಡಲಾಚೆಯ ಒಂದು ಆಫ್ರಿಕನ್ ನಗರದಲ್ಲಿ ಒಂದೇ ಸಂಘದ ಸ್ಥಾಪಕರ ಸಾಲಿನಲ್ಲಿ ಕುಳಿತರು.

ಆ ಸಂಘದ ನಿಲುವು ಸರಳ, ಆದರೆ ಕಟು. ಯೂರೋಪಿನ ಗ್ರಂಥಾಲಯಗಳಲ್ಲಿ ಬೆಳೆದ ದೈವಶಾಸ್ತ್ರವನ್ನು ಎರವಲು ತಂದು ಬಡ ದೇಶಗಳಲ್ಲಿ ಬಿತ್ತಿದರೆ ಬೆಳೆಯದು. ಶೋಷಿತರ ಪಕ್ಷದಲ್ಲಿ ನಿಲ್ಲುವುದು ಮೊದಲು, ಅದನ್ನು ಕುರಿತ ಚಿಂತನೆ ಆಮೇಲೆ. ಪಾಪವಿಮೋಚನೆ, ಸಂಸ್ಕಾರಗಳು, ವಿಶ್ವಗುರುಗಳ ಅಧಿಕಾರ ಮೊದಲಾದ ವಿಷಯಗಳಲ್ಲಿ ನಾಲ್ಕು ಶತಮಾನಗಳಿಂದ ಒಪ್ಪಂದಕ್ಕೆ ಬಾರದಿದ್ದ ಸಭೆಗಳ ಮಕ್ಕಳು ಇಲ್ಲಿ ಒಂದಾಗಿ ದುಡಿಯುವುದು ಸಾಧ್ಯವಾಯಿತು. ಒಳಗೆ ಜಗಳವಿರಲಿಲ್ಲವೆಂದಲ್ಲ. 1979ರ ಜನವರಿಯಲ್ಲಿ ಶ್ರೀಲಂಕೆಯ ವೆನ್ನಪ್ಪುವದಲ್ಲಿ ನಡೆದ ಏಷ್ಯ ಸಮ್ಮೇಳನದಲ್ಲಿ ವರ್ಗಸಂಘರ್ಷವೇ ಮುಖ್ಯವೆನ್ನುವವರಿಗೂ, ಏಷ್ಯದ ಪುರಾತನ ಧರ್ಮಗಳನ್ನು ಬಿಟ್ಟು ಇಲ್ಲಿನ ಬಡವನನ್ನು ಅರಿಯಲಾಗದೆನ್ನುವವರಿಗೂ ತೀವ್ರ ವಾಗ್ವಾದವಾಯಿತು. ಅಮಲೋರ್ ಅವರ ಬದುಕಿನಲ್ಲಿ ಈ ಎರಡು ಎಳೆಗಳೂ ಹೆಣೆದುಕೊಂಡಿದ್ದವು. 1981ರಲ್ಲಿ ಹೊಸ ಸಮಾಜಕ್ಕಾಗಿ ನಡೆಯುವ ಹೋರಾಟದಲ್ಲಿ ಭಾರತದ ಧರ್ಮಸಭೆ ಎಂಬ ವಿಷಯದ ಮೇಲೆ ಬೆಂಗಳೂರಿನ ಕೇಂದ್ರದಲ್ಲಿ ಸಂಶೋಧನಾ ಗೋಷ್ಠಿಯನ್ನು ನಡೆಸಿ, ಅದರ ಪ್ರಬಂಧಗಳನ್ನು ಭಾರವಾದ ಸಂಪುಟವಾಗಿ ಸಂಪಾದಿಸಿದವರೂ ಅವರೇ.

ಇಲ್ಲಿ ಒಂದು ಮುಳ್ಳಿನ ಮಾತು. ಅದೇ 1981ರ ಏಪ್ರಿಲ್‌ನಲ್ಲಿ, ರಸೆಲ್ ಚಂದ್ರನ್ ಅವರ ಕಾಲೇಜಿನಲ್ಲಿಯೇ, ಅರವಿಂದ ನಿರ್ಮಲ್ ಅವರು ನೀಡಿದ ಉಪನ್ಯಾಸದಿಂದ ದಲಿತ ದೈವಶಾಸ್ತ್ರ ಮೊಳಕೆಯೊಡೆಯಿತು. ಆ ಧಾರೆಯವರು ಕೇಳಿದ ಪ್ರಶ್ನೆ ಕಾವಿ ಧರಿಸಿದ ಗುರುಗಳೆಲ್ಲರನ್ನೂ ತಟ್ಟಿತು. ಕ್ರೈಸ್ತರಲ್ಲಿ ಬಹುಸಂಖ್ಯಾತರು ದಲಿತರಾಗಿರುವಾಗ, ಸಂಸ್ಕೃತ ಮಂತ್ರ, ಆರತಿ, ಆಶ್ರಮಗಳನ್ನು ಭಾರತೀಯತೆಯೆಂದು ತರುವುದು ಯಾರ ಭಾರತವನ್ನು ತಂದಂತೆ? ಬ್ರಾಹ್ಮಣರಿಗೆ ದತ್ತಿಯಾಗಿ ಬಿಟ್ಟ ಕೇರಿ ಎಂಬ ಅರ್ಥದ ಅಗ್ರಹಾರ ಎಂಬ ಹೆಸರಿನಲ್ಲಿಯೇ ಬದುಕುವ ನಮ್ಮಂಥವರಿಗೆ ಆ ಪ್ರಶ್ನೆಯ ಮೊನೆ ತಿಳಿಯದಿರದು. ಆಕ್ಷೇಪ ನ್ಯಾಯವಾದುದೇ, ಆರತಿ ತಟ್ಟೆಯನ್ನು ಹಿಡಿದ ಮಾತ್ರಕ್ಕೆ ಊರ ಹೊರಗಿನ ಕೇರಿ ಒಳಗೆ ಬರುವುದಿಲ್ಲ. ಆದರೂ ಅಮಲೋರ್ ಅವರನ್ನು ಬರಿಯ ಆಚರಣೆಯ ಸುಧಾರಕರೆಂದು ತಳ್ಳಿಹಾಕುವವರು ದಾರ್-ಎಸ್-ಸಲಾಮ್‌ನ ಮೇಜನ್ನು ಮರೆಯುತ್ತಾರೆ.

ಎಂಬತ್ತರ ದಶಕದ ಹೊಸ್ತಿಲಲ್ಲಿ ಅವರು ಮೈಸೂರಿಗೆ ಬಂದರು. ಮಾನಸಗಂಗೋತ್ರಿಯಲ್ಲಿ, ಸರ್ಕಾರಿ ವಿಶ್ವವಿದ್ಯಾನಿಲಯವೊಂದರ ಅಂಗಳದಲ್ಲಿ, ಕ್ರೈಸ್ತಧರ್ಮ ಅಧ್ಯಯನ ಪೀಠಕ್ಕೆ ಬುನಾದಿ ಹಾಕಿ, ಅದರ ಪ್ರಾಧ್ಯಾಪಕರಾದರು. ಯಾವ ಒಂದು ಸಭೆಗೂ ಸೇರದ ಆ ಪೀಠದಲ್ಲಿ ಕಥೋಲಿಕ ವಿದ್ಯಾರ್ಥಿಯೂ ಪ್ರೊಟೆಸ್ಟಂಟ್ ವಿದ್ಯಾರ್ಥಿಯೂ ಹಿಂದೂ ವಿದ್ಯಾರ್ಥಿಯೂ ಒಂದೇ ಬೆಂಚಿನ ಮೇಲೆ ಕೂರಬಹುದಾಗಿತ್ತು. ಬೆಂಗಳೂರಿನ ಕೇಂದ್ರದ ಹೊಣೆಯನ್ನು 1982ರಲ್ಲಿ ಬಿಟ್ಟ ಮೇಲೆ ಬೆಟ್ಟದ ಮಗ್ಗುಲಿನ ಆಶ್ರಮವೇ ಅವರ ಮನೆಯಾಯಿತು. ಧ್ಯಾನ ಶಿಬಿರಗಳಿಗೆ ಜಾತಿ ಮತಗಳ ಎಣಿಕೆಯಿಲ್ಲದೆ ಜನ ಬಂದರು.

1990ರ ಮೇ 25ರಂದು ರಸ್ತೆ ಅಪಘಾತವೊಂದು ಅವರನ್ನು ಕೊಂಡೊಯ್ದಿತು. ವಯಸ್ಸು ಐವತ್ತೆಂಟು ತುಂಬಿರಲಿಲ್ಲ.

ಕಾಕತಾಳೀಯವೋ ಏನೋ, ಕೆಲವೇ ದಿನಗಳಲ್ಲಿ ಸಂಸತ್ತಿನ ಕಾಯಿದೆಯೊಂದು ಜಾರಿಗೆ ಬಂದು, 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶವನ್ನು ತಿದ್ದಿ, ಬೌದ್ಧರಾದ ದಲಿತರಿಗೂ ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ನೀಡಿತು. ಸಿಖ್ಖರಿಗೆ ಅದು 1956ರಲ್ಲಿಯೇ ದೊರೆತಿತ್ತು. ದಲಿತ ಕ್ರೈಸ್ತರನ್ನು ಆಗಲೂ ಹೊರಗಿಡಲಾಯಿತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೂ ಪ್ರೊಟೆಸ್ಟಂಟ್ ಮತ್ತು ಆರ್ಥೊಡಾಕ್ಸ್ ಸಭೆಗಳ ರಾಷ್ಟ್ರೀಯ ಮಂಡಳಿಯೂ ಕೈಜೋಡಿಸಿದ್ದು ಈ ಅನ್ಯಾಯದ ವಿರುದ್ಧ. ಆಗಸ್ಟ್ 10ನ್ನು ಎರಡೂ ಮಂಡಳಿಗಳು ಕರಾಳ ದಿನವೆಂದು ಆಚರಿಸುತ್ತ ಬಂದವು. 2013ರ ಡಿಸೆಂಬರ್ 11ರಂದು ದೆಹಲಿಯಲ್ಲಿ ಸಂಸತ್ತಿನ ಕಡೆಗೆ ಹೊರಟ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿ, ಜಲಫಿರಂಗಿ ಹಾರಿಸಿದರು. ಚಳಿಗಾಲದ ಆ ದಿನ ತೊಯ್ದು ಪೊಲೀಸರ ವಶಕ್ಕೆ ಹೋದವರಲ್ಲಿ ದೆಹಲಿಯ ಕಥೋಲಿಕ ಮಹಾಧರ್ಮಾಧ್ಯಕ್ಷರಿದ್ದರು, ಅವರ ಜೊತೆಯಲ್ಲಿ ಇತರ ಸಭೆಗಳ ನಾಯಕರೂ ಇದ್ದರು.